ಕೋಳಿಗೂಡಿನ ಕೆಳಗೆ ಒಂಬತ್ತು ಬಾವಿ

ಸರ್ಕಾರದ ಕಂಪ್ಯೂಟರನ್ನು ನಂಬುವುದಾದರೆ ಅಲ್ಬೀನಾ ಹ್ರೂಬಿಯ ಕೋಳಿಗೂಡಿನ ಕೆಳಗೆ ಒಂಬತ್ತು ತೈಲಬಾವಿಗಳಿದ್ದವು. ಕೋಳಿಗಳಿಗೆ ಈ ವಿಷಯ ಗೊತ್ತಿರಲಿಲ್ಲ. ಎಪ್ಪತ್ತು ದಾಟಿದ ಅಲ್ಬೀನಾಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಅಣ್ಣನಿಗೊಂದು ಮನೆ ಕಟ್ಟಲು ಪರವಾನಗಿ ಕೇಳಿದ ದಿನ.

ಅಣ್ಣ ಲುಡ್ವಿಕ್ ಓಕ್ಲಹೋಮಾ ನಗರದ ವೃದ್ಧಾಶ್ರಮವೊಂದರಲ್ಲಿದ್ದ. ಕಾಲು ಸೋತು ಗಾಲಿಕುರ್ಚಿ ಸೇರಿದ ಮೇಲೆ, ಯಾವ ಬಾಗಿಲಿಗೆ ಹೋದರೂ ಮೆಟ್ಟಿಲೇ ಇರುವ ತಂಗಿಯ ಮನೆಗೆ ಅವನು ಬರುವಂತಿರಲಿಲ್ಲ. ಆಶ್ರಮದಲ್ಲಿ ಊಟ ಪರವಾಗಿಲ್ಲ, ಹಾಸಿಗೆ ಪರವಾಗಿಲ್ಲ, ಆದರೆ ಅಕಾರ್ಡಿಯನ್ ನುಡಿಸಬಾರದು. ತಮ್ಮೂರು ನ್ಯೂ ತಾಬೋರಿನ ಮದುವೆಗಳಲ್ಲೆಲ್ಲ ಪೋಲ್ಕಾ ನುಡಿಸಿ ಮುದುಕಿಯರನ್ನೂ ಕುಣಿಸಿದವನ ವಾದ್ಯ ಈಗ ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು. ಫೋನಿನಲ್ಲಿ ಅವನ ದನಿ ದಿನದಿನಕ್ಕೆ ಸಣ್ಣಗಾಗುತ್ತಿತ್ತು. ಅಲ್ಬೀನಾಗೆ ಉಳಿದಿದ್ದ ಎರಡೆಕರೆಯಲ್ಲಿ ಸಮತಟ್ಟಾದ ಜಾಗ ಕೋಳಿಗೂಡಿನದೊಂದೇ. ಗೂಡನ್ನು ಆಚೆ ಸಾಗಿಸಿ, ಚಳಿಗಾಲಕ್ಕೆ ಮೊದಲು ಅಲ್ಲೊಂದು ಮೆಟ್ಟಿಲಿಲ್ಲದ ಪುಟ್ಟ ಮನೆ ಎಬ್ಬಿಸಬೇಕೆಂದು ಅವಳು ಹಟ ಹಿಡಿದಿದ್ದಳು.

"ಕೊಡೋಕಾಗಲ್ಲ ಮಿಸ್ ಅಲ್ಬೀನಾ, ತೈಲಬಾವಿ ಮೇಲೆ ಮನೆ ಕಟ್ಟೋ ಹಾಗಿಲ್ಲ," ಎಂದ ಪರವಾನಗಿ ಕೊಡುವ ಡ್ಯಾರೆಲ್, ಪರದೆಯನ್ನು ಅವಳ ಕಡೆ ತಿರುಗಿಸಿ. ನಕ್ಷೆಯಲ್ಲಿ ಅವಳ ಕೋಳಿಗೂಡಿನ ಮೇಲೆ ಕೆಂಪು ಚುಕ್ಕಿಗಳ ಗುಡ್ಡೆ ಬಿದ್ದಿತ್ತು.

"ಒಂದೇ ಜಾಗದಲ್ಲಿ ಒಂಬತ್ತು ಬಾವಿ ಯಾರು ತೋಡ್ತಾರೋ? ನಾನೇನು ಜರಡಿ ಮೇಲೆ ಸಂಸಾರ ಮಾಡ್ತಿದ್ದೀನಾ?"

"ತೋಡಿಲ್ಲ. ಹಳೇ ಕಾಲದವರು ಸರಿಯಾಗಿ ಬರೆದಿಡ್ತಿರಲಿಲ್ಲ. ಈ ನೂರರವತ್ತು ಎಕರೆ ಚೌಕದಲ್ಲಿ ಎಲ್ಲೋ ಒಂದು ಕಡೆ ಅಂತ ಬರೆದು ಕೈ ತೊಳ್ಕೊಂಡ್ರು. ಕಂಪ್ಯೂಟರಿಗೆ ಒಂದು ಜಾಗ ಬೇಕಲ್ಲ, ಎಲ್ಲಾನೂ ಚೌಕದ ನಟ್ಟನಡುವೆ ಇಟ್ಬಿಡ್ತು. ಅಲ್ಲಿ ನಿಮ್ಮ ಕೋಳಿಗೂಡಿದೆ."

"ಅಲ್ಲಿ ಬಾವಿ ಇಲ್ಲ ಅಂತ ನಿನಗೆ ಗೊತ್ತಲ್ಲ? ಚಿಕ್ಕೋನಿದ್ದಾಗ ಅಲ್ಲೇ ಅಲ್ವಾ ನೀನು ಮೊಟ್ಟೆ ಕದೀತಿದ್ದದ್ದು?"

ಡ್ಯಾರೆಲ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನನಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ. ಆ ಬಾವಿ ಮುಚ್ಚಿದ್ದಾರೆ ಅನ್ನೋ ಹಳೇ ಕಾಗದ ತನ್ನಿ, ಇಲ್ಲಾ ಬಾವಿ ಇನ್‌ಸ್ಪೆಕ್ಟರ್ ಕೈಲಿ ಬರೆಸ್ಕೊಂಡು ಬನ್ನಿ. ಕಾಗದ ಎಲ್ಲಾ ವೆಬ್‌ಸೈಟಲ್ಲೇ ಇದೆ. ಸಾರ್ವಜನಿಕ ದಾಖಲೆ, ಯಾರು ಬೇಕಾದ್ರೂ ನೋಡಬಹುದು."

ಯಾರು ಬೇಕಾದರೂ ನೋಡಬಹುದಾದದ್ದು ಯಾರಿಗೂ ಕಾಣದಂತೆಯೂ ಇರಬಹುದು ಎಂದು ಅಲ್ಬೀನಾಗೆ ಮನವರಿಕೆಯಾಗಲು ಅರ್ಧ ಬೇಸಿಗೆ ಹಿಡಿಯಿತು. ವೆಬ್‌ಸೈಟು ಮೊದಲು ಬಾವಿಯ ಸಂಖ್ಯೆ ಕೇಳಿತು. ಸಂಖ್ಯೆ ಎಲ್ಲಿ ಸಿಗುತ್ತದೆಂದು ನೋಡಿದರೆ, ದಾಖಲೆಯ ಮೇಲಿದೆ ಎಂದಿತು. ದಾಖಲೆ ತೋರಿಸು ಎಂದರೆ ಮತ್ತೆ ಸಂಖ್ಯೆ ಕೇಳಿತು. ಹೆಸರಿನಿಂದ ಹುಡುಕಲೂ ಒಂದು ಕಿಂಡಿಯಿತ್ತು. ಹ್ರೂಬಿ ಎಂದು ಬರೆದರೆ ಅಂಥವರು ಯಾರೂ ಇಲ್ಲ ಎಂದಿತು. ಬಾವಿ ತೋಡಿದಾಗ ಹೊಲ ಯಾರದ್ದಾಗಿತ್ತೋ ಅವರ ಹೆಸರು ಬೇಕಂತೆ. ಅಪ್ಪನಿಗೆ ಹೊಲ ಮಾರಿದವನು ಯಾರೋ ಸ್ಮಿತ್ ಎಂಬ ನೆನಪಿನ ಮೇಲೆ ಸ್ಮಿತ್ ಎಂದು ಬರೆದಳು. ರಾಜ್ಯದ ಸ್ಮಿತ್‌ಗಳ ಬಾವಿಗಳನ್ನೆಲ್ಲ ಒಂದೇ ಸಲ ಹೊತ್ತು ತರಲು ಹೋಗಿ ವೆಬ್‌ಸೈಟು ಉಸಿರುಕಟ್ಟಿ ಬಿದ್ದುಹೋಯಿತು. ಮತ್ತೊಂದು ಸಲ ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಒಲೆಯಲ್ಲಿದ್ದ ಕೊಲಾಚೆ ಬನ್ನುಗಳ ತಟ್ಟೆ ತಿರುಗಿಸಿ ಬರಲು ಎದ್ದಳು. ಅಷ್ಟರಲ್ಲಿ, ನೀವು ಬಹಳ ಹೊತ್ತಿನಿಂದ ಸುಮ್ಮನಿದ್ದೀರಿ ಎಂದು ಅವಳನ್ನು ಹೊರಗೆ ದಬ್ಬಿತ್ತು.

"ನಾನು ಸುಮ್ಮನಿದ್ದೀನಂತೆ!" ಎಂದು ಅವಳು ಬೆಕ್ಕಿಗೆ ಹೇಳಿದಳು. ಆ ಮನೆಯಲ್ಲಿ ಅಂಥ ಆಪಾದನೆ ಅದೇ ಮೊದಲು.

ಫೋನ್ ಮಾಡಿದರೆ, ಹೆಚ್ಚಿನ ಸಹಾಯಕ್ಕೆ ನಮ್ಮ ವೆಬ್‌ಸೈಟ್ ನೋಡಿ ಎಂದು ಸಕ್ಕರೆಯಂಥ ದನಿಯೊಂದು ಹೇಳುತ್ತಿತ್ತು. ಒಮ್ಮೆ ಹೇಗೋ ಜೀವಂತ ಮನುಷ್ಯನೊಬ್ಬ ಸಿಕ್ಕ. ಇನ್‌ಸ್ಪೆಕ್ಟರನ್ನು ಕಳಿಸಿ ಎಂದರೆ, ಖಂಡಿತ ಕಳಿಸುತ್ತೇವೆ, ಬಾವಿಯ ಸಂಖ್ಯೆ ಹೇಳಿ ಎಂದ.

ಭಾನುವಾರ ಲುಡ್ವಿಕ್‌ಗೆ ಫೋನ್ ಮಾಡಿದಳು.

"ಒಂದು ಕಾಗದ ಸಿಕ್ತು ಕಣೋ. ಅಡ್ಡಡ್ಡ ಇತ್ತು, ಮೇಲೆ ಕಾಫಿ ಕಲೆ ಬೇರೆ. ತಲೆ ಓರೆ ಮಾಡಿ ಓದಿ ಓದಿ ಕತ್ತು ಹಿಡ್ಕೊಂಡಿದೆ. ಕೊನೆಗೆ ನೋಡಿದ್ರೆ ಪಕ್ಕದ ಜಿಲ್ಲೇದು!"

ಲುಡ್ವಿಕ್ ನಕ್ಕ. ಆಮೇಲೆ ನಗು ನಿಲ್ಲಿಸಿ, "ಬಿಟ್ಟಾಕೇ ಅಲ್ಬೀನಾ. ನಾನಿಲ್ಲಿ ಚೆನ್ನಾಗೇ ಇದೀನಿ. ಶುಕ್ರವಾರ ಜೆಲ್ಲಿ ಕೊಡ್ತಾರೆ," ಎಂದ.

ಜೆಲ್ಲಿ ಕಂಡರೆ ಮೂಗು ಮುರಿಯುತ್ತಿದ್ದವನ ಬಾಯಲ್ಲಿ ಈ ಮಾತು ಕೇಳಿ ಅಲ್ಬೀನಾಗೆ ಅಳು ಬಂತು. ಅಳು ಬಂದರೆ ಅವಳಿಗೆ ಹಿಂದೆಯೇ ಸಿಟ್ಟೂ ಬರುತ್ತಿತ್ತು. ಅದೇ ಸಿಟ್ಟಿನಲ್ಲಿ ಮತ್ತೆ ಕಂಪ್ಯೂಟರಿನ ಮುಂದೆ ಕೂತಾಗ ಮೂಲೆಯಲ್ಲೊಂದು ಕೆಂಪು ಗುಂಡಿ ಕಾಣಿಸಿತು: ಸೋರುವ ಬಾವಿಯ ಬಗ್ಗೆ ದೂರು ಕೊಡಿ. ಅದು ಸಂಖ್ಯೆ ಕೇಳಲಿಲ್ಲ, ಹೆಸರು ಹುಡುಕಿಸಲಿಲ್ಲ. ನಕ್ಷೆಯ ಮೇಲೆ ಚುಕ್ಕಿ ಮುಟ್ಟಿದರೆ ಸಾಕಿತ್ತು.

ಅಲ್ಬೀನಾ ತಪ್ಪದೆ ಚರ್ಚಿಗೆ ಹೋಗುವವಳು. ಸುಳ್ಳು ಅವಳಿಗೆ ಆಗಿಬರುವುದಿಲ್ಲ. ಪ್ರಶ್ನೆಗಳನ್ನು ನಿಧಾನವಾಗಿ ಓದಿದಳು. ಈ ಸ್ಥಳದಲ್ಲಿ ಕೆಟ್ಟ ವಾಸನೆ ಇದೆಯೇ? ಕೋಳಿಗೂಡನ್ನು ನೆನೆದು, ಇದೆ ಎಂದಳು. ಆಗಾಗ ಸದ್ದು ಬರುತ್ತದೆಯೇ? ಬರುತ್ತದೆ, ಬೆಳಗ್ಗೆ ಹೆಚ್ಚು. ಸುತ್ತ ಹುಲ್ಲು ಸತ್ತಿದೆಯೇ? ಕೋಳಿಗಳು ಕೆದಕಿ ಕೆದಕಿ ಒಂದು ಗರಿಕೆಯೂ ಉಳಿದಿರಲಿಲ್ಲ. ಹತ್ತಿರ ಪ್ರಾಣಿ ಪಕ್ಷಿಗಳಿವೆಯೇ? ಬೇಕಾದಷ್ಟು. ಎಲ್ಲದಕ್ಕೂ ಹೌದೆಂದು ಒತ್ತಿ ಕಳಿಸಿದಾಗ ವೆಬ್‌ಸೈಟು ಒಂಚೂರೂ ತಡವರಿಸದೆ ಧನ್ಯವಾದ ಹೇಳಿತು.

ಮರುದಿನ ಬೆಳಗ್ಗೆಯೇ ಟ್ರಕ್ಕೊಂದು ಬಂದು ಅಂಗಳದಲ್ಲಿ ನಿಂತಿತು. ಇಳಿದವನು ಇನ್‌ಸ್ಪೆಕ್ಟರ್ ವೇಡ್ ಬ್ರೂನರ್, ಎತ್ತರದ ನಿಧಾನಸ್ಥ ಮನುಷ್ಯ.

"ಸೋರೋ ಬಾವಿ ಎಲ್ಲಿ ಮೇಡಂ?"

"ಅದನ್ನ ನೀವೇ ಹೇಳ್ಬೇಕು. ಅಲ್ಲಿದೆ ಅಂತ ಊರಿಗೆಲ್ಲಾ ಸಾರ್ತಿರೋರು ನೀವು."

ವೇಡ್ ಗೂಡಿನ ಬಾಗಿಲಲ್ಲಿ ನಿಂತು ಮೂಗರಳಿಸಿದ. "ಇದು ಗ್ಯಾಸ್ ಅಲ್ಲ ಮೇಡಂ, ಕೋಳಿ."

"ಗ್ಯಾಸ್ ಅಂತ ನಾನೆಲ್ಲಿ ಬರೆದೆ? ಓದಿ ನೋಡಿ."

ಅವನು ದೂರನ್ನು ತೆಗೆದು ಓದಿದ. ಮತ್ತೊಮ್ಮೆ ಓದಿದ. ಟ್ರಕ್ಕಿಗೆ ಒರಗಿಕೊಂಡು, ಭುಜ ಕುಣಿಯುವ ಹಾಗೆ ನಕ್ಕ. ಆಮೇಲೆ ನೆಲದಡಿಯ ಕಬ್ಬಿಣ ಪತ್ತೆಮಾಡುವ ಕೋಲನ್ನು ಹೊರತೆಗೆದ. ಎಷ್ಟಾದರೂ ಇಷ್ಟು ದೂರ ಬಂದಾಗಿತ್ತು.

ಕೋಲು ಗೂಡಿನ ಸುತ್ತ ತೆಪ್ಪಗಿತ್ತು. ಒಳಗೂ ತೆಪ್ಪಗಿತ್ತು. ಅಲ್ಬೀನಾ ಇನ್ನೇನು ಗೆದ್ದೆ ಎಂದುಕೊಳ್ಳಬೇಕು, ಮೂಲೆಯಲ್ಲಿ ಮೊಟ್ಟೆಯಿಡುವ ಪೆಟ್ಟಿಗೆಗಳ ಕೆಳಗೆ ಅದು ಕಿಟಾರನೆ ಕಿರುಚಿಕೊಂಡಿತು. ಕೋಳಿಗಳು ದಿಕ್ಕಾಪಾಲಾದವು. ತಾನೇ ಕರೆಸಿ, ತಾನೇ ಅಣ್ಣನ ಮನೆಗೆ ಕಲ್ಲು ಹಾಕಿದೆನಲ್ಲ ಎಂದು ಅಲ್ಬೀನಾ ಅಣ್ಣನಿಗೆ ಫೋನ್ ಒತ್ತಿದಳು.

"ಲುಡ್ವಿಕ್, ನಿಜವಾಗ್ಲೂ ಬಾವಿ ಇದೆ ಕಣೋ."

"ಎಲ್ಲಿ? ಮೊಟ್ಟೆ ಪೆಟ್ಟಿಗೆ ಕೆಳಗಾ?"

"ಹೂಂ. ನಿನಗ್ಹೆಂಗೆ ಗೊತ್ತು?"

"ಅದು ಬಾವಿ ಅಲ್ಲ ಕಣೇ. ಅಪ್ಪನ ಕಳ್ಳಬಟ್ಟಿ ಹಂಡೆ."

ರಾಜ್ಯದಲ್ಲಿ ಪಾನನಿರೋಧವಿದ್ದ ಕಾಲ. ಷೆರೀಫ್ ಈ ಕಡೆ ಬರುತ್ತಿದ್ದಾನೆಂದು ತಿಳಿದ ದಿನ ಅಪ್ಪ ಮಗ ಸೇರಿ ಹಂಡೆಯನ್ನು ಹೂತು, ಬಟ್ಟಿಗೆ ಕೊಳೆಹಾಕಿದ್ದ ಪ್ಲಮ್ ಹಣ್ಣಿನ ಹುಳಿವಾಸನೆ ಅಡಗಲೆಂದೇ ಅದರ ಮೇಲೆ ಕೋಳಿಗೂಡು ಕಟ್ಟಿದ್ದರಂತೆ.

"ಇಷ್ಟು ವರ್ಷ ನನಗ್ಯಾಕೋ ಹೇಳ್ಲಿಲ್ಲ?"

"ನಿನಗೆ ಹೇಳೋದೂ ಒಂದೇ, ಪಾದ್ರಿಗೆ ಹೇಳೋದೂ ಒಂದೇ ಆಗಿತ್ತಲ್ಲೇ!"

ಅವನ ದನಿ ಮತ್ತೆ ಹಳೆಯ ಲುಡ್ವಿಕ್‌ನ ದನಿಯಾಗಿತ್ತು. ವೇಡ್ ಅಗೆದು, ತುಕ್ಕು ತಿಂದ ಹಂಡೆಯನ್ನು ಮೇಲೆಳೆದ. ಅದಾದ ಮೇಲೆ ಕೋಲು ಎಲ್ಲಿ ಆಡಿಸಿದರೂ ತುಟಿ ಬಿಚ್ಚಲಿಲ್ಲ.

ಇಬ್ಬರೂ ಅಡುಗೆಮನೆಯಲ್ಲಿ ಕೂತರು. ಏಪ್ರಿಕಾಟ್ ತುಂಬಿದ ಕೊಲಾಚೆ ತಿನ್ನುತ್ತ ವೇಡ್ ತನ್ನ ಟ್ಯಾಬ್ಲೆಟ್ಟಿನಲ್ಲಿ ವರದಿ ತುಂಬತೊಡಗಿದ. ಅದು ಅವನನ್ನೂ ಹೊರಗೆ ದಬ್ಬಿತು. ಅಲ್ಬೀನಾಗೆ ಅದನ್ನು ನೋಡಿ ಆದ ಸಂತೋಷ ಹೇಳತೀರದು. ಕೊನೆಗೂ ಅವನು ಮತ್ತೆ ವೆಬ್‌ಸೈಟಿನ ಒಳಗೆ ಹೋಗಿ, ಒಂಬತ್ತು ಬಾವಿಗಳಿಗೂ ಇಲ್ಲಿ ಬಾವಿಯಿಲ್ಲ, ನಿಜವಾದ ಜಾಗ ತಿಳಿಯದು ಎಂದು ಬರೆದ. ಕೋಳಿಗೂಡಿನ ಮೇಲಿದ್ದ ಚುಕ್ಕಿಗಳು ಮಾಯವಾದವು. ಅಲ್ಬೀನಾ ಚಪ್ಪಾಳೆ ತಟ್ಟಿದಳು. ಆದರೆ ಜಾಗ ತಿಳಿಯದ ಬಾವಿಗಳನ್ನು ಎಲ್ಲಿಡಬೇಕೆಂಬುದು ಕಂಪ್ಯೂಟರಿಗೆ ಚೆನ್ನಾಗಿ ಗೊತ್ತಿತ್ತು. ಚುಕ್ಕಿಗಳು ಒಂದೊಂದಾಗಿ ಬಂದು ಮತ್ತೆ ಚೌಕದ ನಟ್ಟನಡುವೆ ಕೂತವು.

ವೇಡ್ ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿದ. "ಮೇಡಂ, ಒಂದು ಕಾಗದ ಇದ್ರೆ ಕೊಡಿ," ಎಂದ.

ಕೈಗೆ ಸಿಕ್ಕಿದ್ದು ಕೊಲಾಚೆ ಡಬ್ಬಿಯ ರಟ್ಟಿನ ಮುಚ್ಚಳ. ನಾನು ಖುದ್ದಾಗಿ ಪರೀಕ್ಷಿಸಿದ್ದೇನೆ, ಇಲ್ಲಿ ಬಾವಿಯಿಲ್ಲ, ಕೋಳಿಗಳಿವೆ ಎಂದು ಬರೆದು, ಸಹಿ ಹಾಕಿ, ಬ್ಯಾಡ್ಜಿನ ಸಂಖ್ಯೆ ನಮೂದಿಸಿದ. ಕಚೇರಿಯಲ್ಲಿ ಡ್ಯಾರೆಲ್ ಆ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿ, ಏಪ್ರಿಕಾಟ್ ಅಂಟಿದ ಬೆರಳು ನೆಕ್ಕಿಕೊಂಡ. "ಕತ್ತು ಓರೆ ಮಾಡದೆ ಓದಿದ ಮೊದಲನೇ ಬಾವಿ ಕಾಗದ ಇದು ಮಿಸ್ ಅಲ್ಬೀನಾ," ಎಂದು ಮೊಹರು ಒತ್ತಿದ.

ಮೊದಲ ಹಿಮ ಬೀಳುವ ಮೊದಲೇ ಲುಡ್ವಿಕ್ ಗಾಲಿಕುರ್ಚಿ ಉರುಳಿಸಿಕೊಂಡು ತನ್ನ ಮನೆ ಹೊಕ್ಕ. ನಕ್ಷೆಯಲ್ಲಿ ಇವತ್ತಿಗೂ ಅವನ ಮಂಚದ ಕೆಳಗೆ ಒಂಬತ್ತು ತೈಲಬಾವಿಗಳಿವೆ. ಅವನು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಾನೆ. ಉಳಿದ ಹೊತ್ತೆಲ್ಲ ಅಕಾರ್ಡಿಯನ್. ಎದ್ದ ಕೂಡಲೇ ಪೋಲ್ಕಾ, ಉಂಡ ಮೇಲೆ ಪೋಲ್ಕಾ, ಕೋಳಿಗಳು ಮೊಟ್ಟೆಯಿಡಬೇಕಾದ ಹೊತ್ತಿಗೆ ಸರಿಯಾಗಿ ಪೋಲ್ಕಾ. ಮೂರನೆಯ ವಾರ ಮೊಟ್ಟೆಯ ಬುಟ್ಟಿ ಖಾಲಿ ಬಂದಾಗ ಅಲ್ಬೀನಾ ಏಪ್ರನ್ ಬಿಗಿದುಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಕೆಂಪು ಗುಂಡಿ ಒತ್ತಿ, ಅಣ್ಣನ ಮನೆಯ ಮೇಲಿನ ಚುಕ್ಕಿ ಮುಟ್ಟಿದಳು. ಈ ಸ್ಥಳದಿಂದ ಸದ್ದು ಬರುತ್ತಿದೆಯೇ ಎಂದು ವೆಬ್‌ಸೈಟು ಕೇಳಿತು.

ಕಿಟಕಿಯಾಚೆಯಿಂದ ಅವರ ಅಮ್ಮ ಹಿಟ್ಟು ನಾದುವಾಗ ಗುನುಗುತ್ತಿದ್ದ ಹಾಡು ಅಕಾರ್ಡಿಯನ್ನಿನಲ್ಲಿ ತೇಲಿಬಂತು. ಅಲ್ಬೀನಾಳ ಬೆರಳು ಗುಂಡಿಯ ಮೇಲೇ ನಿಂತಿತು. ಹಾಡು ಮುಗಿಯುವವರೆಗೆ ಅವಳು ಅಲುಗಲಿಲ್ಲ.

ನೀವು ಬಹಳ ಹೊತ್ತಿನಿಂದ ಸುಮ್ಮನಿದ್ದೀರಿ ಎಂದು ವೆಬ್‌ಸೈಟು ಅವಳನ್ನು ಹೊರಗೆ ದಬ್ಬಿತು.

"ಹೌದಪ್ಪಾ," ಎಂದಳು ಅಲ್ಬೀನಾ, ಕಣ್ಣೊರೆಸಿಕೊಂಡು. "ಈ ಸಲ ನೀನು ಹೇಳಿದ್ದು ನಿಜ."