ಹಿಂದಕ್ಕೆ ಓಡುವ ಬೈಕು

ತಿಂಗಳಿಂದ ಚಿಕ್ಕಮ್ಮನಿಗೆ ಬೀಳುತ್ತಿದ್ದುದು ಒಂದೇ ಕನಸು. ಅದರಲ್ಲಿ ಅವಳು ಬೈಕು ಓಡಿಸುತ್ತಿರುತ್ತಾಳೆ, ಆದರೆ ಬೈಕು ಮಾತ್ರ ಕಾಣಿಸುವುದಿಲ್ಲ. ಅಂಗೈಯಲ್ಲಿ ಸಣ್ಣಗೆ ನಡುಕ, ಕಾಲ ಬಳಿ ಬೆಚ್ಚಗಿನ ಗಾಳಿ, ಎರಡು ಬದಿಯ ಮನೆಗಳು ತಾವೇ ಸರಿದು ಅವಳಿಗೆ ದಾರಿ ಬಿಡುತ್ತವೆ. ಎಚ್ಚರವಾದಾಗ ಬಲಗೈ ದಿಂಬಿನ ತುದಿಯನ್ನು ತಿರುಚುತ್ತಿರುತ್ತದೆ.

ನಲವತ್ತನಾಲ್ಕರ ಹೆಂಗಸಿಗೆ ಇದೆಂಥ ಕನಸು ಎಂದು ನಗುವವರು ನಗಲಿ. ಅವಳು ಇಪ್ಪತ್ತು ವರ್ಷ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಬಿಳಿ ಹಾಸುಗಳಿಗೆ ಇಸ್ತ್ರಿ ಹಾಕಿದವಳು. ಈಗ ಆ ವಿಭಾಗವನ್ನು ಕಾಲುವೆಯಾಚೆ, ಬಸ್ಸೇ ಹೋಗದ ಕಡೆಗೆ ಸಾಗಿಸುತ್ತಿದ್ದರು. "ಸೋಮವಾರದಿಂದ ಅಲ್ಲೇ ಕೆಲಸ. ಬರೋಕಾಗದೆ ಇರೋರು ಬೇರೆ ಕಡೆ ನೋಡ್ಕೊಳ್ಳಿ" ಎಂದು ಮೇಲ್ವಿಚಾರಕ ತಣ್ಣಗೆ ಹೇಳಿದ್ದ. ಇಸ್ತ್ರಿಪೆಟ್ಟಿಗೆ ಬಿಟ್ಟರೆ ಬೇರೇನೂ ಹಿಡಿಯಲು ಬಾರದ ಚಿಕ್ಕಮ್ಮ ಅಂದೇ ಬೈಕು ಕೊಳ್ಳುವುದೆಂದು ತೀರ್ಮಾನಿಸಿದ್ದಳು.

ಅವಳನ್ನು ಬಾಯ್ತುಂಬ ಚಿಕ್ಕಮ್ಮ ಎನ್ನುವವಳು ಅಕ್ಕನ ಮಗಳು. ಅವಳು ಬೈಕು ರಿಪೇರಿಯ ಮೆಕ್ಯಾನಿಕ್, ಉಗುರಿನ ಸಂದಿಯ ಗ್ರೀಸು ಮದುವೆಯ ದಿನವೂ ಹೋಗಿರಲಿಲ್ಲ. ಚಿಕ್ಕಮ್ಮನಿಗೆ ಖಾಲಿ ಮೈದಾನದಲ್ಲಿ ಬೈಕು ಕಲಿಸಿದವಳೂ ಅವಳೇ. "ನಿಂಗೆ ಸಣ್ಣ ಟೂ-ಸ್ಟ್ರೋಕ್ ಬೈಕೇ ಸರಿ ಚಿಕ್ಕಮ್ಮ. ಹಗುರ ಇರುತ್ತೆ, ಬಿದ್ರೆ ನೀನೇ ಎತ್ತಬಹುದು" ಎಂದಿದ್ದಳು. ಬೀಳುವುದನ್ನು ಅವಳು ಆಗಲೇ ಲೆಕ್ಕಕ್ಕೆ ಹಿಡಿದಿದ್ದಳು ಎಂಬುದು ಚಿಕ್ಕಮ್ಮನಿಗೆ ಅಷ್ಟೇನೂ ಹಿಡಿಸಲಿಲ್ಲ.

ಆ ವಾರ ಇಬ್ಬರೂ ಮೂರು ಬೈಕು ನೋಡಿದರು. ಒಂದರ ಕೆಳಗೆ ಎಣ್ಣೆಯ ಮಡುವೇ ಇತ್ತು. ಇನ್ನೊಂದರ ಮೇಲೆ ಕೂತರೆ ಚಿಕ್ಕಮ್ಮನ ಕಾಲುಗಳು ನೆಲಕ್ಕೆ ಎಟುಕದೆ ಗಾಳಿಯಲ್ಲಿ ತೂಗಾಡಿದವು. ಮೂರನೆಯದರ ಎಂಜಿನ್ ಮುಟ್ಟಿದ ಅಕ್ಕನ ಮಗಳು, "ನಾವು ಬರೋಕೆ ಮುಂಚೇನೇ ಬಿಸಿ ಮಾಡಿಟ್ಟಿದಾರೆ, ತಣ್ಣಗಿದ್ರೆ ಸ್ಟಾರ್ಟ್ ಆಗಲ್ಲ ಅನ್ನೋದನ್ನ ಮುಚ್ಚಿಡ್ತಿದಾರೆ" ಎಂದು ಅಲ್ಲಿಂದ ಕಾಲ್ತೆಗೆದಳು. ಶನಿವಾರ ಬೆಳಿಗ್ಗೆ ಕ್ಷೌರದಂಗಡಿಯ ಗೋಡೆಯ ಮೇಲೆ ಕೈಬರಹದ ಚೀಟಿ ಕಣ್ಣಿಗೆ ಬಿತ್ತು: "ಸಣ್ಣ ಟೂ-ಸ್ಟ್ರೋಕ್ ಬೈಕು ಮಾರಾಟಕ್ಕಿದೆ. ಒಬ್ಬರೇ ಓಡಿಸಿದ್ದು. ಹಿಂದಕ್ಕೆ ಓಡುತ್ತದೆ."

"ಇಷ್ಟು ಸತ್ಯವಂತರೂ ಇದಾರಾ?" ಎಂದಳು ಅಕ್ಕನ ಮಗಳು.

ಮನೆ ಅದೇ ಬೀದಿಯ ಕೊನೆಯಲ್ಲಿತ್ತು. ಮಂಜಿನ್ನೂ ಪೂರ್ತಿ ಕರಗಿರಲಿಲ್ಲ. ಅಂಗಳದ ತುಂಬ ಒಗೆದ ಹಾಸುಗಳನ್ನು ಒಣಹಾಕಿದ್ದರು, ಅವುಗಳ ನಡುವೆ ತಿಳಿ ಹಸಿರು ಬಣ್ಣದ ಪುಟ್ಟ ಬೈಕು ಮೇಯಲು ಬಿಟ್ಟ ಕರುವಿನಂತೆ ನಿಂತಿತ್ತು. ಕನಸಿನಲ್ಲಿ ಕಾಣದಿದ್ದ ಬೈಕು ಇದೇ ಎಂದು ಚಿಕ್ಕಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಬೈಕಿನ ಒಡೆಯ ಗೋಡೆ ಹಿಡಿದು ಮೆಟ್ಟಿಲಿಳಿದು ಬಂದ. ಬಲಮಂಡಿಗೆ ದಪ್ಪ ಪಟ್ಟಿ ಸುತ್ತಿತ್ತು. ಮೂವತ್ತು ವರ್ಷ ಇದೇ ಬೈಕಿನಲ್ಲಿ ಮನೆಮನೆಗೆ ಹೋಗಿ ನೀರಿನ ಮೀಟರು ಓದಿದವನಾದ್ದರಿಂದ ಬೀದಿಗೆಲ್ಲ ಅವನು ಮೀಟರಜ್ಜ.

"ಪೈಪಿಗೆ ಕಿವಿಯಿಟ್ರೆ ಸಾಕು, ಎಲ್ಲಿ ಸೋರ್ತಿದೆ ಅಂತ ಹೇಳ್ಬಿಡ್ತಿದ್ದೆ" ಎಂದು ಕೇಳದಿದ್ದರೂ ಹೇಳಿದ. "ನಾನಿನ್ನೂ ಗಟ್ಟಿಮುಟ್ಟಾಗೇ ಇದೀನಿ. ಪಾಪ, ಇದಕ್ಕೆ ವಯಸ್ಸಾಯ್ತು. ಮೂರು ವರ್ಷದಿಂದ ಒದ್ದಾಗೆಲ್ಲ ಹಿಂದಕ್ಕೇ ಹೊರಡುತ್ತೆ. ಬೇಕಾದ್ರೆ ನೋಡಿ."

ಅಕ್ಕನ ಮಗಳು ಎಂಜಿನ್ ಮುಟ್ಟಿ ನೋಡಿದಳು. ತಣ್ಣಗಿತ್ತು. ಚಿಕ್ಕಮ್ಮ ಹತ್ತಿ ಕೂತಳು, ಎರಡೂ ಪಾದ ನೆಲದ ಮೇಲೆ ಒಪ್ಪವಾಗಿ ಊರಿದವು. ನೋವಾದೀತೇನೋ ಎಂಬಂತೆ ಕಿಕ್ಕರನ್ನು ಮೆಲ್ಲಗೆ ಒದ್ದಳು. ಎಂಜಿನ್ ಕೆಮ್ಮಿ, ಕಾಲಿಗೆ ಎದುರೇಟು ಕೊಟ್ಟು, ಗೊರಗೊರ ಎಂದು ಹೊತ್ತಿಕೊಂಡಿತು. ನೀಲಿ ಹೊಗೆಯೆದ್ದಿತು. ಅವಳು ಮೊದಲ ಗೇರು ಹಾಕಿ ಕ್ಲಚ್ಚು ಬಿಟ್ಟಳು. ಎದುರಿಗಿದ್ದ ಮನೆ ನಿಧಾನವಾಗಿ ದೂರ ಸರಿಯತೊಡಗಿತು. ಮೀಟರಜ್ಜ, ಮೆಟ್ಟಿಲು, ಬಾಗಿಲು ಎಲ್ಲ ಹಿಮ್ಮೆಟ್ಟುತ್ತಿದ್ದವು. ಮರುಗಳಿಗೆಯಲ್ಲಿ ಜಗತ್ತೆಲ್ಲ ಬೆಳ್ಳಗಾಗಿ, ಸೋಪಿನ ವಾಸನೆ ಸುತ್ತಿಕೊಂಡು, ಬೈಕು ನಿಂತುಹೋಯಿತು. ತಾನು ಸತ್ತೆನೋ ಬದುಕಿದ್ದೇನೋ ಎಂದು ಚಿಕ್ಕಮ್ಮ ಬೆಪ್ಪಾದಳು. ಆಮೇಲೆ ತಲೆಯ ಮೇಲಿದ್ದ ಹಾಸಿನ ಅಂಚು ಕೈಗೆ ಸಿಕ್ಕಿತು, ಹೊಲಿಗೆ ಚೆನ್ನಾಗಿತ್ತು.

"ಹೇಳಿರ್ಲಿಲ್ವಾ?" ಎಂದ ಮೀಟರಜ್ಜ, ಮುಖ ಸಣ್ಣದು ಮಾಡಿಕೊಂಡು. "ಎಂಟು ಜನ ಬಂದು, ನಾನು ಒದ್ದು ತೋರ್ಸಿದ್ದನ್ನ ನೋಡಿ ನಕ್ಕು ಹೋದ್ರು. ಇರಿ, ಕಾಗದಪತ್ರ ತರ್ತೀನಿ, ಅದನ್ನಾದ್ರೂ ನೋಡಿ." ಅವನು ಗೋಡೆ ಹಿಡಿದು ಒಳಗೆ ಹೋದ.

ಅಕ್ಕನ ಮಗಳು ಬಗ್ಗಿ ಪಿಸುಗುಟ್ಟಿದಳು. "ಬೈಕಿಗೇನೂ ಆಗಿಲ್ಲ ಚಿಕ್ಕಮ್ಮ, ಚಿನ್ನದಂಥ ಎಂಜಿನ್. ಈ ಹಳೇ ಟೂ-ಸ್ಟ್ರೋಕೇ ಹೀಗೆ, ಅರ್ಧಂಬರ್ಧ ಒದ್ರೆ ಒಮ್ಮೊಮ್ಮೆ ಉಲ್ಟಾ ತಿರುಗುತ್ತೆ. ನಿಂಗೆ ಹೆದರಿಕೆ, ಅವರಿಗೆ ಮಂಡಿನೋವು, ಇಬ್ರೂ ಗಟ್ಟಿಯಾಗಿ ಒದೀತಿಲ್ಲ. ಕಣ್ಮುಚ್ಚಿ ಗಟ್ಟಿಯಾಗಿ ಒದಿ ನೋಡೋಣ."

ಚಿಕ್ಕಮ್ಮ ಕಣ್ಣು ಮುಚ್ಚಲಿಲ್ಲ. ಸೋಮವಾರವನ್ನು ನೆನೆದು, ಮೇಲ್ವಿಚಾರಕನ ತಣ್ಣನೆಯ ಮುಖವನ್ನು ನೆನೆದು ಒದ್ದಳು. ಎಂಜಿನ್ ಟಿಣ್ ಟಿಣ್ ಟಿಣ್ ಎಂದು ಹಾಡತೊಡಗಿತು. ಅವಳು ಹಾಸುಗಳ ನಡುವೆ ಒಂದು ಸುತ್ತು ಹಾಕಿದಳು, ಒದ್ದೆ ಬಟ್ಟೆ ಎರಡೂ ಭುಜ ಸವರಿತು. ಹಾಗೆಲ್ಲ ಖುಷಿಪಡುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿತ್ತು. ಎಂಜಿನ್ ಆರಿಸಿದ ಮೇಲೂ ನಗು ನಿಲ್ಲಲಿಲ್ಲ.

ಮೆಟ್ಟಿಲ ಮೇಲೆ ಮತ್ತೆ ಪಟ್ಟಿ ಸುತ್ತಿದ ಕಾಲು ಕಂಡಿತು. ಒಂದೊಂದು ಮೆಟ್ಟಿಲಿಗೂ ಆತ ನಿಂತು, ಯಾರೂ ನೋಡಲಿಲ್ಲವಲ್ಲ ಎಂದು ಖಚಿತ ಮಾಡಿಕೊಂಡು ಇಳಿಯುತ್ತಿದ್ದ. ವಯಸ್ಸಾದದ್ದು ಈತನ ಮಂಡಿಗೆ ಎಂದು ಚಿಕ್ಕಮ್ಮನಿಗೆ ಹೊಳೆಯಿತು. ಬೈಕಿಗೆ ವಯಸ್ಸಾಯಿತು ಎಂದುಕೊಂಡೇ ಈತ ಮೂರು ವರ್ಷ ತಳ್ಳಿದ್ದಾನೆ. ಅಕ್ಕನ ಮಗಳು, "ಅಜ್ಜ, ಬೈಕಿಗೆ ಏನೂ..." ಎಂದು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಅವಳ ಕಾಲು ತುಳಿದಳು.

"ತಗೋತೀನಿ" ಎಂದಳು. ಒಳ್ಳೆಯ ಬೈಕಿಗೆ ಕೊಡಬೇಕಾದ ಬೆಲೆಯನ್ನೇ ಹೇಳಿದಳು.

"ಹಿಂದಕ್ಕೆ ಓಡೋ ಬೈಕಿಗೆ ಅಷ್ಟು ಯಾರು ಕೊಡ್ತಾರಮ್ಮ? ಅರ್ಧ ಸಾಕು."

"ಮುಂದಕ್ಕೆ ಓಡೋದು ಎಲ್ಲರ ಹತ್ರಾನೂ ಇದೆ. ಹಿಂದಕ್ಕೆ ಓಡೋದು ನಿಮ್ಮ ಹತ್ರ ಮಾತ್ರ ಇರೋದು."

ಕೊಳ್ಳುವವಳು ಏರಿಸುತ್ತ, ಮಾರುವವನು ಇಳಿಸುತ್ತ ನಡೆದ ಆ ಚೌಕಾಸಿಯನ್ನು ಅಕ್ಕನ ಮಗಳು ತಲೆಯ ಮೇಲೆ ಕೈಹೊತ್ತು ನೋಡಿದಳು. ಕೊನೆಗೆ ಗೆದ್ದವಳು ಚಿಕ್ಕಮ್ಮ.

ಈಗ ಹೊರಡಬೇಕಿತ್ತು. ಮೀಟರಜ್ಜ ಗೇಟಿನ ಪಕ್ಕ ನಿಂತು ನೋಡುತ್ತಿದ್ದ. ಮುಂದಕ್ಕೆ ಓಡಿಸಿದರೆ ಆತನ ಮಂಡಿಯ ಗುಟ್ಟು ಅಂಗಳದಲ್ಲೇ ಬಯಲಾಗುತ್ತಿತ್ತು. ನೆಟ್ಟಗೆ ಓಡಿಸುವುದೇ ಸರಿಯಾಗಿ ಬಾರದ ಚಿಕ್ಕಮ್ಮ ಬೈಕಿನ ಹಿಂಬದಿಯನ್ನು ಗೇಟಿಗೆ ತಿರುಗಿಸಿಕೊಂಡು ಬೇಕೆಂದೇ ಮೆಲ್ಲಗೆ ಒದ್ದಳು. ಎರಡು ಸಲ ಬರೀ ಕೆಮ್ಮು. ಮೂರನೆಯ ಸಲ ಎಂಜಿನ್ ಗೊರಗೊರ ಎಂದಿತು.

ಅಕ್ಕನ ಮಗಳು ಪಕ್ಕದಲ್ಲೇ ನಡೆಯುತ್ತ "ಎಡಕ್ಕೆ... ಅಯ್ಯೋ, ಇನ್ನೊಂದು ಎಡ!" ಎಂದು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದಳು. ಗೇಟು ದಾಟಿತು. ಬೀದಿ ಬಂತು. ಮಂಜಿನಲ್ಲಿ ಬೈಕು ಹಿಂದು ಹಿಂದಕ್ಕೆ ಹೋಗುತ್ತಲೇ ಇತ್ತು, ಚಿಕ್ಕಮ್ಮನ ಮುಖ ಮಾತ್ರ ಮೀಟರಜ್ಜನ ಕಡೆಗೇ ಇತ್ತು. ಹಾಗೆ ಒಬ್ಬರ ಮುಖ ನೋಡಿಕೊಂಡೇ ಅವರನ್ನು ಬಿಟ್ಟು ಹೋಗುವುದು ಅವಳ ಬದುಕಿನಲ್ಲಿ ಅದೇ ಮೊದಲು. ಆತ ಸಣ್ಣವನಾಗುತ್ತ ಹೋದ. ಕ್ಷೌರದಂಗಡಿಯ ಮುಂದೆ ಹಿಂದಿನ ಗಾಲಿ ಕಲ್ಲಿಗೆ ತಾಗಿ ಎಂಜಿನ್ ಆರಿತು. ಬೀದಿಯೆಲ್ಲ ಸದ್ದಡಗಿತು.

ಆಗ ಗೇಟಿನಿಂದ ಅವನ ಕೂಗು ಕೇಳಿಸಿತು.

"ಮಗಳೇ! ಸಾಕು ಕಣಮ್ಮ. ಈಗ ಗಟ್ಟಿಯಾಗಿ ಒದಿ! ನಾನು ಒಳಗಿದ್ದಾಗ ಒದ್ದ್ಯಲ್ಲ, ಹಾಗೆ!"

ಚಿಕ್ಕಮ್ಮನ ಕೈ ಹ್ಯಾಂಡಲಿನ ಮೇಲೆ ಹಾಗೇ ನಿಂತಿತು. ಪೈಪಿಗೆ ಕಿವಿಯಿಟ್ಟು ಹನಿ ನೀರಿನ ಸೋರಿಕೆ ಹಿಡಿಯುತ್ತಿದ್ದವನ ಕಿವಿಯನ್ನು ಅವಳು ಮರೆತೇಬಿಟ್ಟಿದ್ದಳು.

"ಮೂರು ವರ್ಷ ಆಗಿತ್ತು ಆ ಸದ್ದು ಕೇಳಿ!" ಎಂದ.

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಎದ್ದು ನಿಂತು, ಮೈಯ ಭಾರವನ್ನೆಲ್ಲ ಹಾಕಿ ಒದ್ದಳು. ಟಿಣ್ ಟಿಣ್ ಎಂಬ ಸದ್ದು ಬೀದಿಯನ್ನು ತುಂಬಿತು. ಅವಳ ಮನೆಯ ದಾರಿ ಆ ಕಡೆಗಿರಲಿಲ್ಲ. ಆದರೂ ಅವಳು ಗೇಟಿನ ಕಡೆಗೇ ಹೊರಟಳು, ಆತನಿಗೆ ಚೆನ್ನಾಗಿ ಕೇಳಿಸಲಿ ಎಂದು ನಿಧಾನವಾಗಿ.