ಹಾಡು ಎತ್ತುವವಳು

ನಮ್ಮ ಸಭೆಯಲ್ಲಿ ಹಾಡನ್ನು ಎಲ್ಲರೂ ಹಾಡುತ್ತಾರೆ, ಆದರೆ ಎತ್ತುವವಳು ಒಬ್ಬಳೇ. ಮೊದಲ ಸಾಲನ್ನು ಅವಳು ಹಾಡಿ ನಿಲ್ಲಿಸಬೇಕು. ಆಮೇಲೆ ಮಿಕ್ಕವರು ಅದನ್ನು ತೆಗೆದುಕೊಂಡು ಮುಂದೆ ಹೋಗುತ್ತಾರೆ. ಈ ಎತ್ತುವ ಹಕ್ಕು ನಮ್ಮ ಮನೆಯ ಹೆಂಗಸರದು. ಯಾರು ಕೊಟ್ಟರೋ, ಯಾಕೆ ಕೊಟ್ಟರೋ ಯಾರಿಗೂ ನೆನಪಿಲ್ಲ. ಮುತ್ತಜ್ಜಿ ಎತ್ತುತ್ತಿದ್ದಳಂತೆ, ಅಜ್ಜಿ ಎತ್ತಿದ್ದನ್ನು ನಾನೇ ಕೇಳಿದ್ದೇನೆ, ಆಮೇಲೆ ನನ್ನ ಅವ್ವ ತಾರವ್ವ. ಅವಳು ಎತ್ತುವ ತನಕ ಪಾಳಕರು, ಅಂದರೆ ನಮ್ಮ ಪಾದ್ರಿಗಳು ಕೂಡ ಬಾಯಿ ತೆರೆಯುವಂತಿಲ್ಲ. ಕೆಲವರಿಗೆ ತಾಯಿಯ ಕಡೆಯಿಂದ ಬಂಗಾರ ಬರುತ್ತದೆ, ನಮಗೆ ಇದು ಬಂತು.

ನಿಪ್ಪಾಣಿಯಲ್ಲಿ ನಮ್ಮ ದೇವಮಂದಿರ ಎಷ್ಟು ಹಳೆಯದೆಂದರೆ, ದಾರಿ ಹೇಳುವವರು ಇವತ್ತಿಗೂ ಅದರ ಹೆಸರಲ್ಲೇ ದಾರಿ ಹೇಳುತ್ತಾರೆ. ಹೋದ ಮಳೆಗಾಲದಲ್ಲಿ ಅದರ ಹಿಂದಿನ ಗೋಡೆ ಬಿರುಕು ಬಿಟ್ಟಿತು. ಜಾಗ ಯಾರ ಹೆಸರಲ್ಲಿತ್ತೋ ಆ ಟ್ರಸ್ಟಿನ ದೊಡ್ಡವರು ಬೇರೆ ಊರಿನಿಂದ ಕಾರಿನಲ್ಲಿ ಬಂದು, ರಿಪೇರಿ ಮಾಡಿಸುತ್ತೇವೆ, ಸಾಮಾನು ಹೊರಗೆ ತೆಗೆಯಿರಿ ಎಂದರು. ನಮ್ಮವರು ತೆಗೆದರು. ಪ್ರತಿ ವರ್ಷ ನಾತಾಳಕ್ಕೆ, ಅಂದರೆ ಕ್ರಿಸ್ಮಸ್ ಹಬ್ಬಕ್ಕೆ ಮುಂಚೆ ಸುಣ್ಣ ಬಳಿಯಲು ಎಲ್ಲವನ್ನೂ ಹೊರಗೆ ಹೊತ್ತು ರೂಢಿಯಿತ್ತಲ್ಲ, ಹಾಗೆಯೇ ಹೊತ್ತರು. ಬೆಂಚು, ಶಿಲುಬೆ, ಜಮಖಾನೆ, ಕೊನೆಗೆ ಗಂಟೆ. ಅವ್ವ ಹಾಡು ಎತ್ತಿದಳು, ಉಳಿದವರು ಹಾಡುತ್ತಾ ಹೊತ್ತರು. ದೀಪಾವಳಿಯ ಹೊತ್ತಿಗೆ ಮಂದಿರದ ಹೆಂಚು ಇಳಿದಿತ್ತು, ಅಂಗಡಿ ಸಾಲಿನ ಬೋರ್ಡು ಏರಿತ್ತು. ನಮ್ಮನ್ನು ಯಾರೂ ಕುತ್ತಿಗೆ ಹಿಡಿದು ತಳ್ಳಲಿಲ್ಲ, ನಾವೇ ಹಾಡಿಕೊಂಡು ಹೊರಗೆ ಬಂದೆವು. 

ಆಗ ಕೈ ಹಿಡಿದವರು ಲಗಮಣ್ಣ ಸಾವ್ಕಾರರು. ಅವರು ನಮ್ಮ ಸಭೆಯವರಲ್ಲ, ತಂಬಾಕಿನ ವ್ಯಾಪಾರಿ. ವ್ಯಾಪಾರ ಇಳಿದು ಅವರ ದೊಡ್ಡ ವಖಾರಿ, ತಂಬಾಕಿನ ಚೀಲಗಳನ್ನು ಒಟ್ಟುವ ಉಗ್ರಾಣ, ಖಾಲಿ ಬಿದ್ದಿತ್ತು.

"ವಖಾರಿ ಖಾಲಿನ ಐತಿ, ನಿಮ್ಮ ಪ್ರಾರ್ಥನಾ ಅಲ್ಲೇ ಮಾಡ್ಕೊರಿ. ಬಾಡಗಿ-ಗೀಡಗಿ ಏನೂ ಬ್ಯಾಡ" ಎಂದರು.

ಒಳ್ಳೆಯ ಮಾತೇ. ನಮ್ಮವರು ಕಣ್ಣೀರು ಹಾಕಿಕೊಂಡು ದೇವರನ್ನು ಸ್ತುತಿಸಿದರು. ನಾನು ಮಾತ್ರ ಅವ್ವನ ಮುಖ ನೋಡಿದೆ. ಆ ವಖಾರಿಯಲ್ಲಿ ತಂಬಾಕು ಜರಡಿ ಹಿಡಿದೇ ಅವಳ ಜೀವಮಾನ ಕಳೆದಿತ್ತು, ಎದೆಯೂ ಅಲ್ಲೇ ಕೆಟ್ಟಿತ್ತು. ಉಬ್ಬಸ ಹೆಚ್ಚಾಗಿ ಕೆಲಸ ಬಿಡಿಸಿದ್ದೆ. ರವಿಕೆ ಹೊಲಿದು ಮನೆ ನಡೆಸುತ್ತಾ, ಬಾಯಿಗೆ ಉಸಿರಿನ ಪಂಪು ಹಿಡಿಸುತ್ತಾ, ಗಂಜಿ ಕುಡಿಸುತ್ತಾ, ಅವಳು ಮಲಗಿ ನಿದ್ದೆ ಮಾಡುವಷ್ಟು ಉಸಿರನ್ನು ಹೇಗೋ ವಾಪಸು ತಂದಿದ್ದೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ತಂಬಾಕಿನ ವಾಸನಿ ಇರೋ ಕಡೆ ಇವರನ್ನ ಬಿಡಬ್ಯಾಡ್ರಿ. ಉಬ್ಬಸ ಇನ್ನೊಮ್ಮೆ ಜೋರಾಗಿ ಎದ್ರ ನನ್ನ ಕೈಯಾಗಿಲ್ಲ" ಎಂದಿದ್ದರು. ಮನುಷ್ಯರೆಲ್ಲ ಬಿಟ್ಟ ಆ ಜಾಗಕ್ಕೇ ದೇವರು ಹೋಗಿ ಕೂತಿದ್ದ.

ಮೊದಲ ಭಾನುವಾರ ಅವ್ವನನ್ನು ಮನೆಯಲ್ಲೇ ಕೂರಿಸಿ ನಾನೊಬ್ಬಳೇ ಹೋದೆ. ಮಣ್ಣಿನ ಗೋಡೆಗಳು ಎಷ್ಟು ವರ್ಷದ ತಂಬಾಕು ಕುಡಿದಿದ್ದವೋ, ಕಾಲಿಟ್ಟ ಕೂಡಲೇ ಗಂಟಲು ಹಿಡಿಯಿತು. ಜನ ಸೀನುತ್ತಾ ಕೂತಿದ್ದರು. ನಮ್ಮ ಪಾಳಕರ ಹೆಸರು ಸಮಾಧಾನ, ಒಳ್ಳೆಯ ಮನುಷ್ಯರು, ಬೈಯಲು ಹೋದವರಿಗೂ ಚಹಾ ಕೊಟ್ಟು ಕಳಿಸುವವರು. ಅವರು ಬಹಳ ಹೊತ್ತು ಕಾದು, ಕೊನೆಗೆ ತಾವೇ ಒಂದು ಸಾಲು ಎತ್ತಿ ನಿಲ್ಲಿಸಿದರು. ಯಾರೂ ತೆಗೆದುಕೊಳ್ಳಲಿಲ್ಲ. ಹಟಕ್ಕಲ್ಲ, ಜನರ ಬಾಯಿಗೆ ಅದು ಬರಲೇ ಇಲ್ಲ. ನನ್ನ ಕಡೆ ಒಂದಿಬ್ಬರು ತಿರುಗಿ ನೋಡಿದರು. ತಾಯಿ ಬದುಕಿರುವಾಗ ಮಗಳು ಎತ್ತುವ ರೂಢಿಯಿಲ್ಲ ಎಂದು ಅವರಿಗೂ ಗೊತ್ತು. ಹಾಡಿಲ್ಲದೆಯೇ ಸಭೆ ಮುಗಿಯಿತು. ಮುಂದಿನ ಭಾನುವಾರ ಎರಡು ಮನೆಯವರು ಬರಲಿಲ್ಲ. ಕೊಲ್ಹಾಪುರ ರಸ್ತೆಯ ಹೊಸ ಸಭೆಗೆ ಹೋಗಿದ್ದರಂತೆ. ಅಲ್ಲಿ ಕೀಬೋರ್ಡು ಇದೆ, ಹಾಡಿನ ಸಾಲುಗಳು ಪರದೆಯ ಮೇಲೆ ಬರುತ್ತವೆ.

ಸುದ್ದಿ ಅವ್ವನಿಗೆ ಮುಟ್ಟಿತು.

"ಮಂದಿ ಒಡದು ಹೋಗಾಕತ್ತಾರ, ಶೈಲಾ. ನಾ ಹೋಗತೇನಿ" ಎಂದಳು.

"ಹೋಗಿ ಸಾಯ್ತಿಯೇನ? ಹಾಡ ಬಿಟ್ಟು ಪ್ರಾರ್ಥನಾ ಮಾಡ್ಲಿ. ದೇವರಿಗೇನ ಕಿವಿ ಇಲ್ಲೇನು?"

"ದೇವರಿಗೆ ಕೇಳತೈತಿ. ಮಂದಿಗೆ ಕೇಳಬೇಕಲ್ಲ."

 ಅವ್ವ ಎರಡು ದಿನ ಊಟ ಬಿಟ್ಟಳು, ನಾನು ಸೋತೆ. ಕೊನೆಗೆ ಒಂದು ಒಪ್ಪಂದವಾಯಿತು. ಅವಳು ಒಳಗೆ ಕಾಲಿಡಬಾರದು, ವಖಾರಿಯ ಹೊಸ್ತಿಲ ಹೊರಗೆ, ಗಾಳಿಯಲ್ಲಿ, ಕುರ್ಚಿ ಹಾಕಿಕೊಂಡು ಅಲ್ಲಿಂದಲೇ ಎತ್ತಬೇಕು. ಬಾಗಿಲು ತೆರೆದೇ ಇರಬೇಕು. ಹಾಗೆಯೇ ನಡೆಯಿತು. ರಸ್ತೆಯ ಲಾರಿಗಳ ನಡುವೆ ಅವಳ ದನಿ ಒಳಗೆ ಹೋಗುತ್ತಿತ್ತು, ಒಳಗಿನಿಂದ ಕೆಮ್ಮಿನ ಜೊತೆ ಹಾಡು ಹೊರಗೆ ಬರುತ್ತಿತ್ತು. ಹೋಗಿದ್ದ ಒಂದು ಮನೆಯವರು ವಾಪಸು ಬಂದರು. ಅವ್ವ ಅವತ್ತು ಎರಡು ರೊಟ್ಟಿ ಹೆಚ್ಚು ತಿಂದಳು. ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ನಾತಾಳ ಬಂತು.

ಸುಣ್ಣ ಬಳಿಯದೆ ನಮ್ಮಲ್ಲಿ ನಾತಾಳ ಇಲ್ಲ. ಬಾಡಿಗೆ ಮನೆಯಲ್ಲಿರುವವರೂ ಒಂದು ಗೋಡೆಗಾದರೂ ಬಳಿಯುತ್ತಾರೆ. ಸಭೆಯ ಹಿರಿಯ ಧೂಳಪ್ಪ ಮುಂದೆ ನಿಂತ. ಅವನ ಸೊಂಟದಲ್ಲಿ ತಂಬಾಕಿನ ಚೀಲ ಮತ್ತು ಸುಣ್ಣದ ಡಬ್ಬಿ ಇಲ್ಲದ ದಿನವನ್ನು ನಾನು ನೋಡಿಲ್ಲ. ಅವನೊಬ್ಬನೇ ಏನು, ಗಂಡಸರಲ್ಲಿ ಮುಕ್ಕಾಲು ಪಾಲು, ಹೆಂಗಸರಲ್ಲಿ ಅರ್ಧ, ಎಲ್ಲರೂ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುವವರೇ. ಒಣ ತಂಬಾಕು ಸುಮ್ಮನೆ ಮಲಗಿರುತ್ತದೆ, ಸುಣ್ಣ ಬಿದ್ದ ಮೇಲೆಯೇ ಅದರ ಖಾರ ಏಳುವುದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಜನ ಸುಣ್ಣದ ಕಲ್ಲು ಕುದಿಸಿ, ತಂಬಾಕು ಕುಡಿದ ಆ ಗೋಡೆಗಳಿಗೆ ನೆಲದಿಂದ ತೊಲೆಯ ತನಕ ಬಳಿದರು. ಬಳಿಯುವಾಗ ಅವರಿಗೆ ಅದು ವಖಾರಿ ಎಂದು ಅನ್ನಿಸಲೇ ಇಲ್ಲ, ಅವರ ಪಾಲಿಗೆ ಅದು ದೇವಮಂದಿರ. ಹಸಿ ಗೋಡೆಗೆ ಆಡು ಮೈ ಉಜ್ಜಬಾರದೆಂದು ಬಾಗಿಲು ಮುಚ್ಚಿ ಮನೆಗೆ ಹೋದರು.

ಹಬ್ಬದ ಬೆಳಿಗ್ಗೆ ಚಳಿ ಕೊರೆಯುತ್ತಿತ್ತು. ಅವ್ವ ನೀಲಿ ಇಳಕಲ್ ಸೀರೆ ಉಟ್ಟಿದ್ದಳು. ಅವಳ ಕುರ್ಚಿಯನ್ನು ಹೊಸ್ತಿಲ ಹೊರಗಿನಿಂದ ಎತ್ತಿ ಒಳಗೆ, ಎಲ್ಲರಿಗಿಂತ ಮುಂದೆ ಇಟ್ಟಿದ್ದರು. ಮೇಲೆ ಒಂದು ಹೊಸ ಟವೆಲ್ಲು ಹಾಸಿದ್ದರು.

"ಒಳಗ ಬ್ಯಾಡ್ರಿ, ಬಾಗಲದಾಗ ಕೂಡ್ಲಿ" ಎಂದೆ ನಾನು.

ಧೂಳಪ್ಪ ನಕ್ಕ. "ಯವ್ವಾ, ಸುಣ್ಣಾ ಬಡದೇವಿ. ಈಗ ತಂಬಾಕ ಎಲ್ಲೈತಿ? ಹಬ್ಬದ ದಿನಾ ಅಕ್ಕಾನ್ನ ಹೊರಗ ಕುಂಡ್ರಸೂದು ಚಲೋ ಅಲ್ಲ."

"ಕಣ್ಣ ಉರಿಯಾಕತ್ತಾವಲ್ಲ?"

"ಹೊಸಾ ಸುಣ್ಣದ್ದು. ಒಣಗಿದ್ರ ಹೋಗತೈತಿ."

ಅವ್ವ ನನ್ನ ಕೈ ಬಿಡಿಸಿಕೊಂಡಳು. ಹಾಲಿನಷ್ಟು ಬಿಳಿಯಾದ ಗೋಡೆ ನೋಡಿ ಅವಳ ಮುಖ ಅರಳಿತ್ತು. "ನಮ್ಮ ಹಳೇ ಮಂದಿರಧಂಗ ಕಾಣತೈತಿ ನೋಡ" ಎಂದಳು, ಹೋಗಿ ಕೂತಳು. ಚಳಿಗೆ ಯಾರೋ ಬಾಗಿಲು ಎಳೆದರು. ನಾನು ಎದ್ದು ತೆರೆದೆ. ಮುದುಕರು ನಡುಗುತ್ತಾರೆಂದು ಮತ್ತೆ ಎಳೆದರು. ಪಾಳಕರು ತಲೆಯಾಡಿಸಿದರು. ಅವ್ವ ಎದ್ದು ನಿಂತು ಸಾಲು ಎತ್ತಿದಳು. ಅಷ್ಟು ಚೆನ್ನಾಗಿ ಅವಳು ಹಾಡಿ ವರ್ಷಗಳಾಗಿದ್ದವು. ನಿಲ್ಲಿಸಿದಳು, ಜನ ತೆಗೆದುಕೊಂಡರು. ಮುಂದಿನ ಸಾಲಿಗೆ ಅವಳೂ ಸೇರಬೇಕೆಂದು ಉಸಿರು ಎಳೆದಳು, ಆ ಉಸಿರು ಮತ್ತೆ ಹೊರಗೆ ಬರಲಿಲ್ಲ. ಎದೆ ಹಿಡಿದುಕೊಂಡು ಬಾಗಿದಳು. ಹಿಂದಿನವರಿಗೆ ಕಾಣದೆ ಅವರು ಹಾಡುತ್ತಲೇ ಇದ್ದರು. ನಾನು ಅವಳನ್ನು ಹೊತ್ತು ಬಾಗಿಲಿಗೆ ಬರುವಾಗಲೂ ಹಿಂದೆ ಹಾಡು ನಡೆದಿತ್ತು.

ಆಸ್ಪತ್ರೆಯಲ್ಲಿ ಅವ್ವ ಮೂಗಿನ ನಳಿಗೆಯೊಡನೆ ಸ್ವಲ್ಪ ದಿನ ಹೋರಾಡಿದಳು. ಮಾತು ಹೋಗಿತ್ತು. ಹೊಸ ವರ್ಷ ಹುಟ್ಟುವ ಮೊದಲೇ ಅವಳು ತೀರಿಹೋದಳು.

ಸಮಾಧಾನರು ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, "ದೇವರ ಚಿತ್ತ, ತಂಗಿ" ಎಂದರು. ಬಂದವರೆಲ್ಲ ಅದನ್ನೇ ಅಂದರು. ದೇವರ ಚಿತ್ತ.  ದೇವರು ಬಂದು ಬಾಗಿಲು ಎಳೆದನೇ? ಧೂಳಪ್ಪ ಮಾತ್ರ ಹಾಗೆ ಹೇಳಲಿಲ್ಲ. ಅಂಗಳದ ಮೂಲೆಯಲ್ಲಿ ತನ್ನ ಅಂಗೈ ನೋಡಿಕೊಳ್ಳುತ್ತಾ ಕೂತಿದ್ದ.

"ಶೈಲವ್ವಾ, ತಿಕ್ಕಿದ್ವಿ ನಾವು. ಆ ವಖಾರ್‍ಯಾಗ ತಂಬಾಕಿಗೆ ಸುಣ್ಣಾ ಹಚ್ಚಿ ತಿಕ್ಕಿದ್ವಿ. ದಿನಾ ಇದನ್ನ ಮಾಡೋ ಕೈಗೆ ಅವತ್ತ ತಿಳೀಲಿಲ್ಲ" ಎಂದ.

ಅವನನ್ನು ಬೈಯಬೇಕೆಂದು ಎಷ್ಟೋ ಮಾತು ಕೂಡಿಟ್ಟಿದ್ದೆ, ಆದರೆ ಎದ್ದು ಒಳಗೆ ಹೋದೆ.

ನಮ್ಮ ಸ್ಮಶಾನ ಊರ ಹೊರಗೆ, ಕಬ್ಬಿನ ಗದ್ದೆಯ ಪಕ್ಕ. ಅದನ್ನಾದರೂ ಯಾರೂ ಮಾರಿಲ್ಲ. ಪೆಟ್ಟಿಗೆ ಇಳಿಸಿದರು. ಮಣ್ಣು ಹಾಕುವ ಮುಂಚೆ ಹಾಡು ಆಗಬೇಕು. ಸತ್ತವರ ಹಾಡು, "ದಾರಿ ಮುಗಿಯಿತು ಒಡೆಯಾ, ಕೈ ನೀಡು" ಎಂದು ಶುರುವಾಗುವುದು. ನನಗೆ ಬಾರದ್ದೇನಲ್ಲ. ಈಗ ಹಕ್ಕು ನನ್ನದೇ. ಎಲ್ಲರ ಕಣ್ಣೂ ನನ್ನ ಮೇಲೆ. ಹಳೇ ಮಂದಿರ ಹೋಯಿತು, ತಾರವ್ವ ಹೋದಳು, ಇದೂ ಹೋದರೆ ಉಳಿಯುವುದೇನು ಎಂಬ ಹೆದರಿಕೆ ಆ ಕಣ್ಣುಗಳಲ್ಲಿತ್ತು. ಅದು ನನಗೆ ಕಾಣಿಸಲಿಲ್ಲ ಎಂದಲ್ಲ.

"ಎತ್ತ ತಂಗಿ" ಎಂದರು ಪಾಳಕರು ಮೆಲ್ಲಗೆ.

ನಾನು ಬಾಯಿ ಬಿಗಿ ಹಿಡಿದು ನಿಂತೆ. ಅವರು ಕಾದರು. ಯಾರೋ ಕೆಮ್ಮಿದರು, ಇನ್ನೊಬ್ಬರು ಕೆಮ್ಮಿದರು, ವಖಾರಿಯಿಂದ ತಂದ ಕೆಮ್ಮು. ಕೊನೆಗೆ ಗುಂಡಿ ತೋಡಿದವನು ಗುದ್ದಲಿ ಎತ್ತಿದ. ಸಭೆಯ ಹಾಡು ಎತ್ತುತ್ತಿದ್ದವಳ ಮೇಲೆ ಹಾಡಿಲ್ಲದೆ ಮಣ್ಣು ಬಿತ್ತು.

ಈಗ ವಖಾರಿಯಲ್ಲಿ ಬೆರಳೆಣಿಕೆಯ ಜನ ಕೂಡುತ್ತಾರಂತೆ. ಉಳಿದವರು ಹೊಸ ಸಭೆ ಸೇರಿದ್ದಾರೆ, ಕೆಲವರು ಎಲ್ಲಿಗೂ ಹೋಗುವುದಿಲ್ಲ. ಸಭೆ ಒಡೆದವಳು ಶೈಲಾ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಎದುರು ಸಿಕ್ಕರೆ ನಾನೇನೂ ಮುಖ ತಿರುಗಿಸುವುದಿಲ್ಲ.

ಹೋದ ಭಾನುವಾರ ರೊಟ್ಟಿ ಬಡಿಯುತ್ತಿದ್ದೆ. ಏನನ್ನೂ ಯೋಚಿಸಿರಲಿಲ್ಲ. ಬಾಯಿ ತಾನಾಗಿ ಅವ್ವನಿಗೆ ಹಾಡದೆ ಹೋದ ಆ ಹಾಡು ಎತ್ತಿಬಿಟ್ಟಿತು, ದಾರಿ ಮುಗಿಯಿತು ಒಡೆಯಾ. ದನಿ ಥೇಟ್ ಅವಳದೇ. ಮೊದಲ ಸಾಲು ಮುಗಿಸಿ, ರೂಢಿಯಂತೆ ನಿಲ್ಲಿಸಿದೆ. ಜನ ತೆಗೆದುಕೊಳ್ಳಲಿ ಎಂದು ಕಾದೆ. ಹೆಂಚಿನ ಮೇಲಿನ ರೊಟ್ಟಿ ಕಪ್ಪಗಾಗುವ ತನಕ ಹಾಗೆಯೇ ಕಾದೆ. ಎರಡನೇ ಸಾಲನ್ನು ನಾನೇ ಹಾಡೋಣವೆಂದರೆ, ಅದನ್ನು ಎತ್ತುವವಳು ಒಬ್ಬಳೇ ಹಾಡುವ ರೂಢಿಯಿಲ್ಲ. ಒಲೆ ಆರಿಸಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ.