ಮೇಷ್ಟ್ರು ಕಿತ್ತ ತೇಪೆಗಳು

ಮೇಷ್ಟ್ರು ಆ ಸಾಫ್ಟ್‌ವೇರ್ ಬರೆದು ಇಪ್ಪತ್ತೆರಡು ವರ್ಷವಾಗಿತ್ತು. ಶಾಲೆ, ಗ್ರಂಥಾಲಯ, ಸಣ್ಣಪುಟ್ಟ ಆಸ್ಪತ್ರೆಗಳ ಸಾವಿರಾರು ವೆಬ್‌ಸೈಟುಗಳು ಅದರ ಮೇಲೆಯೇ ನಡೆಯುತ್ತಿದ್ದವು. ಒಂದು ಕಾಲಕ್ಕೆ ಅರವತ್ತು ಜನ ಬಿಡುವಿನ ವೇಳೆಯಲ್ಲಿ ಅದಕ್ಕಾಗಿ ದುಡಿಯುತ್ತಿದ್ದರು. ಈಗ ಉಳಿದವರು ಮೂವರೇ: ಮೇಷ್ಟ್ರು, ಯಾವ ಮಾತಿಗೂ ಅಡ್ಡಮಾತು ಇಟ್ಟುಕೊಂಡೇ ಇರುವ, ಗಡ್ಡದಿಂದಲೇ ಹೆಸರಾದ ಗಡ್ಡ, ಮತ್ತು ಮರಿ. ಸೇರಿದಾಗ ಎಲ್ಲರಿಗಿಂತ ಚಿಕ್ಕವಳೆಂದು ಮೇಷ್ಟ್ರೇ ಇಟ್ಟ ಹೆಸರು ಅದು. ಕೂದಲು ನರೆತರೂ ಮರಿ ಮರಿಯಾಗಿಯೇ ಉಳಿದಿದ್ದಳು.

"ಮುಚ್ಚಿಬಿಡೋಣ," ಎಂದು ಗಡ್ಡ ವರ್ಷದಿಂದ ಹೇಳುತ್ತಿದ್ದ. "ಮೂರು ಜನ ಸೇರಿ ಇಷ್ಟು ದೊಡ್ಡ ಹೊರೆ ಎಷ್ಟು ದಿನ ಹೊರೋದು?"

"ಮೇಷ್ಟ್ರು ಇರೋತನಕ ಆ ಮಾತು ಬೇಡ," ಎನ್ನುತ್ತಿದ್ದಳು ಮರಿ.

ಒಂದು ಸೋಮವಾರ ಯಾವುದೋ ಶಾಲೆಯ ಗುಮಾಸ್ತರಿಂದ ದೂರು ಬಂತು. ಪಾಸ್‌ವರ್ಡ್ ಹಾಕದೆಯೇ ಅವರ ಸೈಟಿನೊಳಗೆ ಹೋಗಬಹುದಿತ್ತು. ಮರಿ ನಂಬಲಿಲ್ಲ. ತಾನೇ ಪ್ರಯತ್ನಿಸಿದಳು; ಸಲೀಸಾಗಿ ಒಳಗೆ ಹೋದಳು. ಹನ್ನೊಂದು ವರ್ಷದ ಹಿಂದೆ ಕಳ್ಳರು ಇದೇ ದಾರಿಯಲ್ಲಿ ನುಗ್ಗಿದ್ದಾಗ ಅವಳೇ ಬರೆದು ಸೇರಿಸಿದ್ದ ನಾಲ್ಕು ಸಾಲು ಈಗ ಅಲ್ಲಿರಲಿಲ್ಲ. ತೆಗೆದವರು ಮೇಷ್ಟ್ರು. ಪಕ್ಕದಲ್ಲಿ ಅವರದೇ ಟಿಪ್ಪಣಿ: "ಚೊಕ್ಕಟ ಮಾಡಿದೆ."

ಅವಳು ಹಿಂದಿನ ತಿದ್ದುಪಡಿಗಳನ್ನು ಒಂದೊಂದಾಗಿ ತೆರೆದಳು. ಎಂಟು ತಿಂಗಳಿಂದ ಮೇಷ್ಟ್ರು ಒಂದೊಂದೇ ಕಡತವನ್ನು ಮೊದಲ ವರ್ಷದಲ್ಲಿದ್ದ ಹಾಗೆಯೇ ತಿರುಗಿ ಬರೆಯುತ್ತಿದ್ದರು. ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಅಂದಿನ ಕಿಂಡಿಗಳೆಲ್ಲ ಮತ್ತೆ ತೆರೆದುಕೊಂಡಿದ್ದವು. ಪ್ರತಿಯೊಂದರ ಕೆಳಗೂ ಒಪ್ಪಿಗೆ ಕೊಟ್ಟ ಹೆಸರು ಅವಳದು. ಒಂದನ್ನೂ ಓದಿರಲಿಲ್ಲ, ಮೇಷ್ಟ್ರು ಬರೆದದ್ದನ್ನು ತಾನು ತಿದ್ದುವುದುಂಟೇ ಎಂದುಕೊಂಡಿದ್ದಳು. 

ಮಧ್ಯಾಹ್ನವೇ ಅವರ ಮನೆಗೆ ಹೋದಳು. ಮೇಷ್ಟ್ರ ಹೆಂಡತಿ ಬಾಗಿಲು ತೆಗೆದರು.

"ಬಾಮ್ಮಾ. ಈಗ ತಾನೇ ಕೂತ್ರು. ಕೆಲಸ ಅಂತ ಒಂದಿದ್ರೆ ಚೆನ್ನಾಗಿರ್ತಾರೆ."

ಪರದೆ ಎಳೆದ ಕೋಣೆಯಲ್ಲಿ ಮೇಷ್ಟ್ರ ಬೆರಳುಗಳು ಚಕಚಕನೆ ಓಡುತ್ತಿದ್ದವು. ಅವಳನ್ನು ಕಂಡು ಮುಖ ಅರಳಿತು.

"ನೋಡು ಮರಿ, ಯಾರೋ ನನ್ನ ಕೋಡನ್ನೆಲ್ಲ ಕುಲಗೆಡಿಸಿಟ್ಟಿದ್ದಾರೆ. ಎಲ್ಲಿ ನೋಡಿದ್ರೂ ತೇಪೆ! ಒಂದೊಂದಾಗಿ ಕೀಳ್ತಾ ಇದ್ದೀನಿ."

"ಆ ತೇಪೆ ಹಾಕಿದ್ದು ನಾನೇ ಸಾರ್. ಕಳ್ಳರು ನುಗ್ಗಿದ್ರಲ್ಲ, ನೀವೇ ಮೂರು ದಿನ ನಿದ್ದೆಗೆಟ್ಟು ನನಗೆ ಹೇಳಿಕೊಟ್ರಿ."

"ಯಾವ ಕಳ್ಳರು?" ಮೇಷ್ಟ್ರು ನಕ್ಕರು. "ನಾವು ಶುರು ಮಾಡಿ ಇನ್ನೂ ವರ್ಷ ತುಂಬಿಲ್ಲ. ನಮ್ಮ ಮನೆಗೆ ಕನ್ನ ಹಾಕೋಕೆ ಇಲ್ಲೇನಿದೆ?"

ಮರಿ ತಿರುಗಿ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನ ತುದಿ ಹಿಂಡುತ್ತಿದ್ದರು.

"ಕಳೆದ ವರ್ಷದಿಂದ ಹೀಗೇ," ಎಂದರು ಹೊರಗೆ ಬಂದ ಮೇಲೆ, ಮೆಲ್ಲಗೆ. "ಹೇಳಿದ್ರೆ ನೀವು ಕೆಲಸ ಬಿಡಿಸ್ತೀರಿ ಅಂತ ಬಾಯಿಗೆ ಬೀಗ ಹಾಕ್ಕೊಂಡೆ. ತಪ್ಪಾಯ್ತಾ?"

ಮರಿ ಮೆಟ್ಟಿಲಿಳಿದಳು. ಗೇಟಿನ ಬಳಿ ನಿಂತು ಮೊಬೈಲಿನಲ್ಲೇ ಕೋಡ್ ತಿದ್ದಬಲ್ಲವರ ಪಟ್ಟಿಯಿಂದ ಮೇಷ್ಟ್ರ ಹೆಸರನ್ನು ತೆಗೆದುಹಾಕಿದಳು. ಮೇಲಿನ ಕೋಣೆಯಲ್ಲಿ ಕೀಲಿಮಣೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು, ಈ ಸಲ ಒಂದೊಂದೇ ಕೀಲಿ.

ಅವಳೂ ಗಡ್ಡನೂ ಮೂರು ದಿನ ಕೂತು ಕಿತ್ತದ್ದನ್ನೆಲ್ಲ ಮತ್ತೆ ಹೊಲಿದು ಹೊಸ ಆವೃತ್ತಿ ಬಿಟ್ಟರು. ಆದರೆ ಮೊದಲೆಲ್ಲ ಹೊಸದು ತಾನಾಗಿಯೇ ಸೈಟುಗಳಿಗೆ ಹೋಗುತ್ತಿತ್ತು; ಆ ಭಾಗವನ್ನೂ ಮೇಷ್ಟ್ರು ಕಿತ್ತಿದ್ದರಿಂದ ಈಗ ಆಯಾ ಸೈಟಿನವರೇ ಹಾಕಿಕೊಳ್ಳಬೇಕಿತ್ತು. ಒಂದು ದಿನ ಕಳೆದರೂ ಹಾಕಿಕೊಂಡವರು ನಲವತ್ತೇ ಜನ.

"ಮುಚ್ಚೋಣ ಅಂದೆ, ಕೇಳಲಿಲ್ಲ," ಎಂದ ಗಡ್ಡ. ದನಿಯಲ್ಲಿ ಗೆದ್ದ ಜಂಬವಿರಲಿಲ್ಲ. "ಈಗ ನಾವು ಮುಚ್ಚಿದ್ರೂ ಅದು ನಡೀತಾನೇ ಇರುತ್ತೆ."

ಮರಿ ಸೈಟುಗಳ ಪಟ್ಟಿ ಹಿಡಿದು, ಆಸ್ಪತ್ರೆಗಳಿಂದ ಶುರುಮಾಡಿ, ಒಬ್ಬೊಬ್ಬರಿಗೇ ಫೋನ್ ಹಚ್ಚಿದಳು. ಹೆಚ್ಚಿನವರು ಎತ್ತಲಿಲ್ಲ. ಒಂದು ಸಣ್ಣ ಆಸ್ಪತ್ರೆಯಲ್ಲಿ ಹೆಂಗಸೊಬ್ಬಳು ಎತ್ತಿದಳು.

"ಅದನ್ನ ಮಾಡಿಕೊಟ್ಟ ಹುಡುಗ ಬಿಟ್ಟುಹೋಗಿ ಆರು ವರ್ಷ ಆಯ್ತಮ್ಮ. ಇಲ್ಲಿರೋ ಕಂಪ್ಯೂಟರಲ್ಲೇ ಹೇಗೋ ನಡ್ಕೊಂಡು ಹೋಗ್ತಿದೆ. ಅಲ್ಲ, ನಿಮ್ಮವರು ಬೆಳಗಿಂದ ಅದರೊಳಗೇ ಇದ್ದಾರಲ್ಲ? ರೋಗಿಗಳ ಪಟ್ಟಿ ಒಂದೊಂದೇ ತೆರೀತಾ ಇರೋದು ಪರದೆ ಮೇಲೆ ಕಾಣ್ತಿದೆ. ರಿಪೇರಿ ಅಂದ್ಕೊಂಡ್ವಿ."

"ನಮ್ಮವರಲ್ಲ! ಆ ಕಂಪ್ಯೂಟರಿಗೆ ಇಂಟರ್ನೆಟ್ ಬರೋ ತಂತಿ ಕಿತ್ತುಬಿಡಿ. ಈಗಲೇ!"

ಕುರ್ಚಿ ಸರಿದ ಸದ್ದು. ಯಾರೋ ಬಗ್ಗಿದಂತೆ ಉಸಿರು.

"ಯಾವ ತಂತಿ ಅಮ್ಮಾ?" ಎಂದಳು ಹೆಂಗಸು. "ಇಲ್ಲಿ ತುಂಬಾ ಇವೆ."